ನಡಿಗೆಯ ನೋವಿಗೆ ಪುಣ್ಯವುಂಟೆ?

ತೀರ್ಥಯಾತ್ರೆಗೆ ಕಾಲ್ನಡಿಗೆಯಲ್ಲಿ ಹೊರಟವರ ದೇಹ ಅನುಭವಿಸುವ ದಣಿವು ಆ ಯಾತ್ರೆಯ ಫಲದ ಒಂದು ಭಾಗವೇ, ಅಥವಾ ದಿನವಿಡೀ ನಡೆದ ಯಾರಿಗೇ ಆಗಲಿ ಬರುವ, ಧರ್ಮಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲದ ಕಾಲುನೋವು ಮಾತ್ರವೇ ಎಂಬ ಪ್ರಶ್ನೆಯನ್ನು ಯಾತ್ರೆಯ ಆಚರಣೆಯುಳ್ಳ ಮತಗಳೆಲ್ಲವೂ ಒಂದಲ್ಲ ಒಂದು ರೂಪದಲ್ಲಿ ಎದುರಿಸಿವೆ. ಮಹಿಮೆ ಕ್ಷೇತ್ರದಲ್ಲಿಯೇ ಇರುವುದಾದರೆ ಅಲ್ಲಿಗೆ ಹೇಗೆ ತಲುಪಿದರೂ ಫಲ ಒಂದೇ ಆಗಬೇಕು. ದಾರಿಯಲ್ಲಿ ಇರುವುದಾದರೆ ಸುಖವಾಗಿ ಬಂದವರಿಗೆ ಏನೋ ಕಡಿಮೆಯಾಯಿತೆಂದು ಒಪ್ಪಬೇಕು. ಈ ತೊಡಕು ಗ್ರಂಥಗಳಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುವುದು ಜನ ಈಗಲೂ ನಡೆಯುತ್ತಿರುವ ಹಾದಿಗಳ ಮೇಲೆ. ಅದರಲ್ಲಿಯೂ ಪರದೇಶದವರು ಬಂದು, ತಮ್ಮದಲ್ಲದ ದೈವಕ್ಕಾಗಿ ತಮ್ಮದಲ್ಲದ ನೆಲದಲ್ಲಿ ಕಾಲು ಸವೆಸುವ ಹಾದಿಗಳ ಮೇಲೆ. ಜಪಾನಿನ ಶಿಕೊಕು ದ್ವೀಪದ ಯಾತ್ರಾಮಾರ್ಗ ಅಂಥದೊಂದು.

ಶಿಕೊಕು ಜಪಾನಿನ ನಾಲ್ಕು ಪ್ರಧಾನ ದ್ವೀಪಗಳಲ್ಲಿ ಅತ್ಯಂತ ಚಿಕ್ಕದು. ಅದನ್ನು ಸುತ್ತಿ ಬರುವ ಸುಮಾರು 1,200 ಕಿಲೋಮೀಟರ್ ಹಾದಿಯಲ್ಲಿ 88 ದೇವಾಲಯಗಳಿದ್ದು, ಪೂರ್ತಿ ನಡೆದೇ ಮುಗಿಸುವವರಿಗೆ 40ರಿಂದ 50 ದಿನ ಹಿಡಿಯುತ್ತದೆ. ಈ ಯಾತ್ರಿಕರಿಗೆ ‘ಹೆನ್ರೊ’ ಎಂದು ಹೆಸರು. ಹಾದಿಯ ಅಧಿದೈವವೆನ್ನಬಹುದಾದ ಕೂಕಾಯ್ (774–835) ಇದೇ ದ್ವೀಪದಲ್ಲಿ ಹುಟ್ಟಿ, 804ರಲ್ಲಿ ಕಡಲು ದಾಟಿ ಚೀನಾಕ್ಕೆ ಹೋಗಿ, ಚಾಂಗಾನ್ ನಗರದಲ್ಲಿ ಹುಯಿಗುವೊ ಎಂಬ ಗುರುವಿನಿಂದ ತಾಂತ್ರಿಕ ಬೌದ್ಧಧರ್ಮದ ದೀಕ್ಷೆ ಪಡೆದು, 806ರಲ್ಲಿ ಮರಳಿ ಬಂದು, ಮಂತ್ರಸಾಧನೆಗೆ ಪ್ರಾಧಾನ್ಯ ಕೊಡುವ ಶಿಂಗೊನ್ ಪಂಥವನ್ನು ಕಟ್ಟಿದ ಭಿಕ್ಷು. ‘ಕೋಬೋ ದೈಶಿ’ ಎಂಬ ಬಿರುದು ಆತನಿಗೆ ಮರಣಾನಂತರ ಸಂದದ್ದು. 797ರ ತನ್ನ ಕೃತಿಯಲ್ಲಿ ಆತ, ಎಳೆಯ ವಯಸ್ಸಿನಲ್ಲಿ ಈ ದ್ವೀಪದ ತೈರ್ಯೂ ಬೆಟ್ಟವನ್ನು ಹತ್ತಿದ್ದನ್ನೂ ಮುರೊತೊ ಭೂಶಿರದಲ್ಲಿ ಧ್ಯಾನಕ್ಕೆ ಕುಳಿತದ್ದನ್ನೂ ಹೇಳಿಕೊಂಡಿದ್ದಾನೆ. ಆದ್ದರಿಂದ ಯಾತ್ರಿಕರ ಪಾಲಿಗೆ ಇದು ಗುರುವಿನ ಕಾಲು ಮೊದಲೇ ಬಿದ್ದ ನೆಲ. ಒಬ್ಬನೇ ನಡೆಯುವವನೂ ವಾಸ್ತವವಾಗಿ ಗುರುವಿನೊಡನೆ ಇಬ್ಬರಾಗಿ ನಡೆಯುತ್ತಿದ್ದಾನೆ ಎಂಬುದು ಇಲ್ಲಿಯ ಮೂಲ ನಂಬಿಕೆ, ಮತ್ತು ಯಾತ್ರಿಕನ ಕೈಯಲ್ಲಿರುವ ಮರದ ಊರುಗೋಲೇ ಆ ಎರಡನೆಯವನು.

ಮೊದಲ ಹತ್ತು ದೇವಾಲಯಗಳು ಯೊಶಿನೊ ನದಿಯ ಬಯಲಿನಲ್ಲಿ ಒಂದಕ್ಕೊಂದು ಹತ್ತಿರ ಹತ್ತಿರವೇ ಇದ್ದು, ಹೊಸಬರಿಗೆ ಯಾತ್ರೆ ಸುಲಭವೆಂಬ ಭ್ರಮೆ ಹುಟ್ಟಿಸುತ್ತವೆ. ನದಿ ದಾಟಿ ಹನ್ನೊಂದನೆಯದಾದ ಫುಜಿಇದೆರಾ ತಲುಪಿದ ಮೇಲೆ ಅಲ್ಲಿಂದ ಹನ್ನೆರಡನೆಯದಾದ ಶೋಸಾನ್‌ಜಿಗೆ ಇರುವ 13 ಕಿಲೋಮೀಟರ್ ಹಾದಿ ಆ ಭ್ರಮೆಯನ್ನು ಬಿಡಿಸುತ್ತದೆ. ಬಯಲಿನ ಮಟ್ಟದಿಂದ 700 ಮೀಟರಿಗೂ ಮೇಲೆ ಏರಿ, ಜೋರೆನ್‌ಆನ್ ಎಂಬ ಗುಡಿಯ ಬಳಿ ದೊಡ್ಡ ದೇವದಾರು ಮರದ ಕೆಳಗೆ ನಿಂತ ಗುರುವಿನ ಎತ್ತರದ ವಿಗ್ರಹವನ್ನು ಕಂಡು, ಇನ್ನೇನು ಬಂದೇಬಿಟ್ಟಿತು ಎಂದುಕೊಳ್ಳುವಷ್ಟರಲ್ಲಿ ದಾರಿ ಕಣಿವೆಯ ಹಳ್ಳಿಯೊಂದಕ್ಕೆ ಕಡಿದಾಗಿ ಇಳಿಯುತ್ತದೆ. ಏರಿದ್ದರಲ್ಲಿ ಮುನ್ನೂರು ಮೀಟರಿನಷ್ಟನ್ನು ಹೀಗೆ ಕಳೆದುಕೊಂಡು ಮತ್ತೆ ಅಷ್ಟನ್ನೇ ಏರಬೇಕು. ಗಟ್ಟಿಗರಿಗೆ ಐದು ಗಂಟೆ, ಉಳಿದವರಿಗೆ ಏಳೆಂಟು ಗಂಟೆಯ ಕೆಲಸ. ಯಾತ್ರಿಕರನ್ನು ಉರುಳಿಸಿ ಕೆಡಹುವ ಇಂಥ ಜಾಗಗಳಿಗೆ ಸ್ಥಳೀಯರು ‘ಹೆನ್ರೊ ಕೊರೊಗಾಶಿ’ ಎನ್ನುತ್ತಾರೆ. ಹೊರಟ ಎರಡನೆಯ ಅಥವಾ ಮೂರನೆಯ ದಿನವೇ, ಅಂದರೆ ಕಾಲು ಇನ್ನೂ ಪಳಗುವ ಮುನ್ನವೇ, ಇದು ಎದುರಾಗುತ್ತದೆ.

ಆ ದಿನದ ಸಂಜೆ ದೇಹದಲ್ಲಿ ಏನಾಗಿರುತ್ತದೆಂಬುದನ್ನು ತತ್ತ್ವಶಾಸ್ತ್ರದ ಚರ್ಚೆಗಳು ಸಾಮಾನ್ಯವಾಗಿ ‘ಕಷ್ಟ’ ಎಂಬ ಒಂದು ಮಾತಿನಲ್ಲಿ ದಾಟಿಬಿಡುತ್ತವೆಯಾದರೂ ನೋವು ಯಾವುದರಿಂದ ಹುಟ್ಟಿತೆಂದು ತಿಳಿಯದೆ ಅದರ ಧಾರ್ಮಿಕ ಬೆಲೆಯನ್ನು ಕಟ್ಟಲಾಗದು. ಇಪ್ಪತ್ತು ಸಾವಿರದಷ್ಟು ಹೆಜ್ಜೆಗಳಲ್ಲಿ ಪ್ರತಿಯೊಂದೂ ಮೈಭಾರದ ಜೊತೆಗೆ ಬೆನ್ನಿನ ಚೀಲದ ಭಾರವನ್ನೂ ಹಿಮ್ಮಡಿಯ ಮೇಲೆ ಹಾಕಿರುತ್ತದೆ. ಬೆವರಿನಿಂದ ಒದ್ದೆಯಾದ ಕಾಲುಚೀಲಕ್ಕೆ ಹೊರಚರ್ಮ ಅಂಟಿಕೊಂಡು, ಒಳಗಿನ ಮೂಳೆ ಮಾತ್ರ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿರುವುದರಿಂದ, ಚರ್ಮದ ಮೇಲ್ಪದರದೊಳಗೇ ಬಿರುಕು ಬಿಟ್ಟು ಅಲ್ಲಿ ನೀರು ತುಂಬಿಕೊಳ್ಳುತ್ತದೆ, ಬೊಬ್ಬೆಯೆಂದರೆ ಇದೇ. ಏರುವಾಗ ಉಸಿರು ಮತ್ತು ಮೀನಖಂಡ ಸೋತರೆ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ದೇಹವನ್ನು ತಡೆದು ಹಿಡಿಯುತ್ತಲೇ ಉದ್ದಕ್ಕೆ ಎಳೆಯಲ್ಪಡುವುದರಿಂದ ಅವುಗಳ ಎಳೆಗಳಲ್ಲಿ ಸೂಕ್ಷ್ಮವಾದ ಹಾನಿಯಾಗುತ್ತದೆ, ಮತ್ತು ಅದರ ನೋವು ಆ ದಿನ ಅಷ್ಟಾಗಿ ತಿಳಿಯದೆ ಒಂದೆರಡು ದಿನ ಬಿಟ್ಟು ಮೆಟ್ಟಿಲಿಳಿಯುವಾಗ ತಿಳಿಯುತ್ತದೆ. ಊದಿಕೊಂಡ ಪಾದಕ್ಕೆ ಬೂಟು ಸಾಲದಾಗಿ, ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ಗುದ್ದಿಗುದ್ದಿ ಹೆಬ್ಬೆರಳಿನ ಉಗುರು ಕಪ್ಪಾಗುವುದೂ ಉಂಟು. ಇವುಗಳಲ್ಲಿ ಯಾವುದೂ ಭಕ್ತ, ನಾಸ್ತಿಕ ಎಂದು ನೋಡಿ ಬರುವುದಿಲ್ಲ.

ಭಾರತೀಯ ಗ್ರಂಥಗಳಲ್ಲಿ ಈ ವಿಷಯಕ್ಕೆ ಸಂಬಂಧಿಸಿದಂತೆ ಎರಡು ದನಿಗಳಿವೆ. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯಲ್ಲಿ, ಕಾಡಿನಿಂದ ಊರಿಗೆ ಮರಳಲೆತ್ನಿಸುವ ರಾಜಕುಮಾರ ರೋಹಿತನನ್ನು ಮನುಷ್ಯರೂಪದಲ್ಲಿ ಬಂದ ಇಂದ್ರ ಮತ್ತೆ ಮತ್ತೆ ತಡೆದು ನಡೆಯುತ್ತಲೇ ಇರುವಂತೆ ಪ್ರೇರೇಪಿಸುವ ಪ್ರಸಂಗವಿದ್ದು, ನಡೆಯುವವನ ಕಣಕಾಲುಗಳು ಹೂ ಬಿಡುತ್ತವೆಂದೂ, ಅವನ ಪಾಪಗಳು ದಾರಿಯ ಶ್ರಮದಿಂದಲೇ ಹತವಾಗಿ ಬೀಳುತ್ತವೆಂದೂ ಅಲ್ಲಿ ಹೇಳಿದೆ. ಇಲ್ಲಿ ಶ್ರಮವೇ ಶುದ್ಧಿಯ ಸಾಧನ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ ಇದಕ್ಕೆ ತೀರ ಬೇರೆಯಾದ ಮಾತಿದೆ: ಚಿತ್ತವು ಚದುರಿದಾಗ ಅದರ ಜೊತೆಯಲ್ಲಿಯೇ ಇರುವ ಲಕ್ಷಣಗಳೆಂದು ಆತ ದುಃಖವನ್ನೂ ಖಿನ್ನತೆಯನ್ನೂ ಹೆಸರಿಸಿ, ಅವುಗಳ ಪಕ್ಕದಲ್ಲಿಯೇ ಅಂಗಾಂಗಗಳ ನಡುಕವನ್ನೂ ಹತೋಟಿ ತಪ್ಪಿದ ಉಸಿರಾಟವನ್ನೂ ಇಡುತ್ತಾನೆ. ಶೋಸಾನ್‌ಜಿಯ ಕೊನೆಯ ಏರಿನಲ್ಲಿರುವವನ ಸ್ಥಿತಿಯನ್ನು ಇದಕ್ಕಿಂತ ನಿಖರವಾಗಿ ಬಣ್ಣಿಸುವುದು ಕಷ್ಟ. ನಡೆದು ದಣಿದರೆ ಮನಸ್ಸು ತಾನಾಗಿ ಶಾಂತವಾಗುತ್ತದೆಂದು ಪ್ರವಾಸ ಬರಹಗಳಲ್ಲಿ ಪದೇಪದೇ ಕಾಣುವ ಮಾತು ಅರ್ಧಸತ್ಯವಷ್ಟೇ. ಮಿತವಾದ ನಡಿಗೆ ಯೋಚನೆಗಳ ಗದ್ದಲವನ್ನು ಇಳಿಸುವುದು ನಿಜವಾದರೂ ಮಿತಿ ಮೀರಿದ ದಣಿವಿನಲ್ಲಿ ಮನಸ್ಸು ತನ್ನ ಎಡಗಾಲಿನ ಕಿರುಬೆರಳಿಗಿಂತ ದೊಡ್ಡದಾದ ಯಾವುದನ್ನೂ ಚಿಂತಿಸಲಾರದು, ಮತ್ತು ಅದನ್ನು ಏಕಾಗ್ರತೆಯೆಂದು ಕರೆಯುವುದು ಧ್ಯಾನಕ್ಕೆ ಮಾಡುವ ಅಪಚಾರ.

ಶಿಂಗೊನ್ ಪಂಥದ ನಿಲುವು ಮೂರನೆಯ ಬಗೆಯದು. ಜನ್ಮಜನ್ಮಾಂತರಗಳ ಕಾಯುವಿಕೆಯಿಲ್ಲದೆ ಈ ದೇಹದಲ್ಲಿಯೇ ಬುದ್ಧತ್ವವನ್ನು ಪಡೆಯಬಹುದೆಂಬುದು ಕೂಕಾಯ್‌ನ ಮುಖ್ಯ ಪ್ರತಿಪಾದನೆಯಾಗಿದ್ದು, ‘ಸೊಕುಶಿನ್ ಜೋಬುತ್ಸು’ ಎಂಬ ಹೆಸರಿನ ಈ ಸಿದ್ಧಾಂತಕ್ಕಾಗಿಯೇ ಆತ ಪ್ರತ್ಯೇಕ ಗ್ರಂಥವನ್ನು ರಚಿಸಿದ್ದಾನೆ. ಅದರ ಪ್ರಕಾರ ಕಾಯ, ವಾಕ್, ಮನಸ್ಸುಗಳೆಂಬ ಮೂರು ರಹಸ್ಯಗಳ ಮೂಲಕ, ಅಂದರೆ ಕೈಯ ಮುದ್ರೆ, ನಾಲಗೆಯ ಮಂತ್ರ, ಚಿತ್ತದ ಧ್ಯಾನಗಳ ಮೂಲಕ, ಸಾಧಕ ಮಹಾವೈರೋಚನ ಬುದ್ಧನೊಡನೆ ಒಂದಾಗುತ್ತಾನೆ. ದೇಹ ಇಲ್ಲಿ ದಂಡಿಸಿ ಮಣಿಸಬೇಕಾದ ಶತ್ರುವಲ್ಲ, ದಾಟಿ ಹೋಗಬೇಕಾದ ಅಡ್ಡಿಯೂ ಅಲ್ಲ. ಹಾಗಾದರೆ ಬೊಬ್ಬೆಯೆದ್ದ ಪಾದವೂ ಆ ರಹಸ್ಯದ ಒಳಗಿನದೇ ಎಂದು ಸಿದ್ಧಾಂತವನ್ನು ಎಳೆಯಬಹುದಾದರೂ ಆ ತರ್ಕದ ಪ್ರಕಾರವೇ ನೋಯದ ಪಾದಕ್ಕೂ ಅಷ್ಟೇ ಹಕ್ಕಿದೆ. ದೇಹವನ್ನು ಇಷ್ಟು ಎತ್ತರಕ್ಕೆ ಏರಿಸಿದ ದರ್ಶನ ದೇಹದ ನೋವಿಗೆ ಮಾತ್ರ ವಿಶೇಷ ಸ್ಥಾನವನ್ನೇನೂ ಕೊಟ್ಟಿಲ್ಲವೆಂಬುದು ಗಮನಿಸಬೇಕಾದ ಅಂಶ.

ನೋವಿನ ಬಗ್ಗೆಯೇ ನೇರವಾಗಿ, ಅದೂ ನಡಿಗೆಯ ನೋವಿನ ಬಗ್ಗೆ, ಸೂಕ್ಷ್ಮವಾಗಿ ಯೋಚಿಸಿದವರು ಜೈನ ಆಚಾರ್ಯರು. ಮಳೆಗಾಲದ ನಾಲ್ಕು ತಿಂಗಳನ್ನು ಬಿಟ್ಟರೆ ವರ್ಷವಿಡೀ ಬರಿಗಾಲಿನಲ್ಲಿ ವಿಹರಿಸುವ ಮುನಿಗಳ ಪರಂಪರೆಗೆ ಇದು ಸಹಜವೇ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಮುನಿ ಸಹಿಸಬೇಕಾದ 22 ಪರೀಷಹಗಳನ್ನು, ಅಂದರೆ ಸಾಧನೆಯ ದಾರಿಯಲ್ಲಿ ಎದುರಾಗುವ ಬಾಧೆಗಳನ್ನು, ಪಟ್ಟಿ ಮಾಡುತ್ತದೆ. ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆ ಕಡಿತಗಳ ಸಾಲಿನಲ್ಲಿಯೇ ಚರ್ಯೆ, ಎಂದರೆ ನಡಿಗೆಯ ಬಾಧೆಯೂ ಇದೆ. ಒಬ್ಬನಿಗೆ ಏಕಕಾಲದಲ್ಲಿ ಇವುಗಳಲ್ಲಿ ಹೆಚ್ಚೆಂದರೆ 19 ಮಾತ್ರ ಬರಬಲ್ಲವೆಂದು ಸೂತ್ರ ಲೆಕ್ಕ ಹಾಕುತ್ತದೆ, ಏಕೆಂದರೆ ಚಳಿ ಸೆಕೆಗಳು ಒಟ್ಟಿಗೆ ಬರಲಾರವು, ಮತ್ತು ನಡೆಯುವುದು, ಕೂರುವುದು, ಮಲಗುವುದು ಈ ಮೂರರಲ್ಲಿ ಒಂದು ಹೊತ್ತಿಗೆ ಒಂದೇ ಸಾಧ್ಯ. ನೋವನ್ನು ವೈಭವೀಕರಿಸದೆ ಹೀಗೆ ಗುಮಾಸ್ತನ ನಿಷ್ಠೆಯಿಂದ ದಾಖಲಿಸುವ ಕ್ರಮದಲ್ಲಿಯೇ ಒಂದು ಆರೋಗ್ಯವಿದೆ. ಈ ಸೂತ್ರಗಳಿಗೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದವರು ಕರ್ನಾಟಕದ ಜೈನ ಪರಂಪರೆ ತನ್ನವರೆಂದು ಗೌರವಿಸುವ ಪೂಜ್ಯಪಾದರು. ಕಲ್ಲುಮುಳ್ಳು ಚುಚ್ಚಿದ ಕಾಲಿನಲ್ಲಿ ನಡೆಯುವ ಮುನಿ, ಹಿಂದೆ ಗೃಹಸ್ಥನಾಗಿದ್ದಾಗ ತಾನು ಏರುತ್ತಿದ್ದ ವಾಹನಗಳನ್ನು ನೆನಪಿಗೆ ತಂದುಕೊಳ್ಳದಿರುವುದೇ ಈ ಬಾಧೆಯನ್ನು ಗೆದ್ದ ಲಕ್ಷಣವೆಂದು ಅವರು ವಿವರಿಸುತ್ತಾರೆ.

ಅವರೇ ಮಾಡಿಕೊಟ್ಟ ಇನ್ನೊಂದು ವಿಂಗಡಣೆ ಪ್ರಸ್ತುತ ಪ್ರಶ್ನೆಗೆ ಕೀಲಿಕೈಯಂತಿದೆ. ಪರೀಷಹವೆಂದರೆ ತಾನಾಗಿ ಬಂದೆರಗಿದ ಬಾಧೆ. ಕಾಯಕ್ಲೇಶವೆಂದರೆ ಬಿಸಿಲಿನಲ್ಲಿ ನಿಲ್ಲುವುದು, ಮರದ ಬುಡದಲ್ಲಿ ಇರುವುದು ಮೊದಲಾಗಿ ತಾನೇ ಬರಮಾಡಿಕೊಂಡದ್ದು. ಎರಡನೆಯದನ್ನು ಜೈನರು ಹೀಗಳೆಯುವುದಿಲ್ಲ. ಆರು ಬಾಹ್ಯ ತಪಸ್ಸುಗಳಲ್ಲಿ ಅದೂ ಒಂದು, ಮತ್ತು ದುಃಖವನ್ನು ತಾಳುವ ಶಕ್ತಿ ಬೆಳೆಯಲಿ, ಸುಖದ ಮೇಲಿನ ಅಂಟು ಕಳಚಲಿ ಎಂಬುದು ಅದರ ಉದ್ದೇಶ. ಆದರೂ ಇವೆರಡನ್ನು ಬೇರೆಯಾಗಿಯೇ ಇಟ್ಟಿರುವುದರಿಂದ ಯಾತ್ರಿಕನ ನೋವನ್ನು ಪರೀಕ್ಷಿಸಲು ಒಂದು ಒರೆಗಲ್ಲು ಸಿಗುತ್ತದೆ. ಶಿಕೊಕುವಿಗೆ ಹೊರಟವನು ಹಾದಿಯನ್ನು ಆರಿಸಿಕೊಂಡಿದ್ದಾನೆಯೇ ಹೊರತು ಬೊಬ್ಬೆಯನ್ನಲ್ಲ. ಒಳ್ಳೆಯ ಬೂಟು, ಹಗುರವಾದ ಚೀಲ, ಸಾಕಷ್ಟು ನೀರು ಇವುಗಳನ್ನು ಒದಗಿಸಿಕೊಂಡ ಮೇಲೂ ಬಂದ ನೋವು ಅವನ ಪಾಲಿನ ಪರೀಷಹ. ಬೇಕೆಂದೇ ಕೆಟ್ಟ ಪಾದರಕ್ಷೆಯಲ್ಲಿ ನಡೆಯುವವನದು ಕಾಯಕ್ಲೇಶ. ಗೆರೆ ಎಲ್ಲ ಕಡೆಯೂ ಇಷ್ಟು ಸ್ಪಷ್ಟವಾಗಿರುವುದಿಲ್ಲ ಎಂಬುದನ್ನೂ ಹೇಳಬೇಕು: ನಾಳೆಯ ಹಾದಿ ತನ್ನನ್ನು ಉರುಳಿಸಲಿದೆಯೆಂದು ನಕ್ಷೆಯಲ್ಲಿ ನೋಡಿ ತಿಳಿದೂ ಹೊರಡುವವನ ನೋವನ್ನು ಪೂರ್ತಿ ಅನಿರೀಕ್ಷಿತವೆನ್ನಲು ಬರುವುದಿಲ್ಲ, ಮತ್ತು ಬಹುಶಃ ಯಾವ ಪಾದಯಾತ್ರಿಯ ನೋವೂ ಪೂರ್ತಿಯಾಗಿ ಈ ಕಡೆಗಾಗಲಿ ಆ ಕಡೆಗಾಗಲಿ ಸೇರುವುದಿಲ್ಲ.

ಪರದೇಶದಿಂದ ಬಂದವನ ವಿಷಯದಲ್ಲಿ ಪೂಜ್ಯಪಾದರು ಎಣಿಸಿರದ ಮೂರನೆಯ ಬಗೆಯೊಂದೂ ಸೇರಿಕೊಳ್ಳುತ್ತದೆ. ಆತನ ಹಿಂದಿರುಗುವ ವಿಮಾನದ ದಿನ ನಿಗದಿಯಾಗಿರುತ್ತದೆ, ರಾತ್ರಿಯ ವಸತಿಗಳು ಮುಂಗಡವಾಗಿ ಕಾದಿರಿಸಲ್ಪಟ್ಟಿರುತ್ತವೆ, ಯಾತ್ರಿಕರು ಒಯ್ಯುವ ಪುಸ್ತಕಕ್ಕೆ ದೇವಾಲಯದ ಮುದ್ರೆ ಹಾಕಿಕೊಡುವ ಕಚೇರಿ ಸಂಜೆ 5 ಗಂಟೆಗೆ ಬಾಗಿಲು ಹಾಕುತ್ತದೆ. ಮಂಡಿ ಊದಿಕೊಂಡಾಗ ಒಂದು ದಿನ ಮಲಗಿದರೆ ಉಳಿದ ದಿನಗಳ ಲೆಕ್ಕವೆಲ್ಲ ಏರುಪೇರಾಗುವುದರಿಂದ ಆತ ನೋವುನಿವಾರಕ ಮಾತ್ರೆ ನುಂಗಿ ನಡೆಯುತ್ತಾನೆ. ಈ ನೋವು ದಾರಿಯಿಂದ ಬಂದದ್ದೂ ಅಲ್ಲ, ತಪಸ್ಸಿಗಾಗಿ ಬರಮಾಡಿಕೊಂಡದ್ದೂ ಅಲ್ಲ. ಅದನ್ನು ಉಂಟುಮಾಡಿದ್ದು ವೇಳಾಪಟ್ಟಿ. ಜೈನ ಮುನಿಯ ನಡಿಗೆಗೆ ಈರ್ಯಾಸಮಿತಿಯೆಂಬ ನಿಯಮವಿದ್ದು, ಅದರಂತೆ ಹಗಲು ಬೆಳಕಿನಲ್ಲಿ, ಜನ ತುಳಿದ ದಾರಿಯಲ್ಲಿ, ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಯಾವ ಜೀವಿಗೂ ಹಿಂಸೆಯಾಗದಂತೆ ಸಾವಧಾನವಾಗಿ ಹೆಜ್ಜೆಯಿಡಬೇಕು. ಅವಸರದ ಯಾತ್ರಿಕ ಇರುವೆಯನ್ನಂತೂ ನೋಡುವುದಿಲ್ಲ, ತನ್ನ ಕಾಲನ್ನೂ ನೋಡಿಕೊಳ್ಳುವುದಿಲ್ಲ. ಹೀಗೆ ಬಂದ ನೋವಿಗೆ ತಪಸ್ಸಿನ ಗೌರವ ಕೊಡುವುದಕ್ಕೆ ಯಾವ ಶಾಸ್ತ್ರದ ಆಧಾರವೂ ಸಿಗಲಾರದು.

ನೋವನ್ನು ಸಂಸ್ಥೆಗಳು ಹೇಗೆ ಅಳೆಯುತ್ತವೆಂಬುದರಲ್ಲಿಯೂ ವ್ಯತ್ಯಾಸವಿದೆ. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೇಲಾದ ಯಾತ್ರೆಯಲ್ಲಿ ಕೊನೆಯ 100 ಕಿಲೋಮೀಟರನ್ನಾದರೂ ನಡೆದವರಿಗೆ, ಸೈಕಲ್ಲಿನಲ್ಲಾದರೆ 200 ಕಿಲೋಮೀಟರ್ ಕ್ರಮಿಸಿದವರಿಗೆ ಮಾತ್ರ ಚರ್ಚಿನ ಪ್ರಮಾಣಪತ್ರ ದೊರೆಯುತ್ತದೆ. ಬಸ್ಸಿನಲ್ಲಿ ಬಂದವನು ಸಂತ ಯಾಕೋಬನ ಸಮಾಧಿಯ ಮುಂದೆ ಎಷ್ಟು ಹೊತ್ತು ಮೊಣಕಾಲೂರಿದರೂ ಆ ಪತ್ರ ಸಿಗದು. ಶಿಕೊಕುವಿನಲ್ಲಿ ಹಾಗಿಲ್ಲ. ಈಗ ಬಹುಪಾಲು ಜನ ಬಸ್ಸಿನಲ್ಲಿಯೋ ಕಾರಿನಲ್ಲಿಯೋ ಹತ್ತು ಹನ್ನೆರಡು ದಿನಗಳಲ್ಲಿ 88 ದೇವಾಲಯಗಳನ್ನೂ ಮುಗಿಸುತ್ತಾರೆ, ಮತ್ತು ಅವರ ಪುಸ್ತಕದಲ್ಲಿ ಬೀಳುವ ಕೆಂಪು ಮುದ್ರೆಗೂ, ಕುಂಟುತ್ತ ಬಂದವನ ಪುಸ್ತಕದ ಮುದ್ರೆಗೂ ಕಿಂಚಿತ್ತೂ ಭೇದವಿಲ್ಲ. ಹಾಗೆಂದು ಶಿಕೊಕು ಎಣಿಕೆಯ ಗೀಳಿನಿಂದ ಮುಕ್ತವೆಂದಲ್ಲ: ಯಾತ್ರಿಕರು ದೇವಾಲಯಗಳಲ್ಲಿ ಹಾಕುವ ಹೆಸರಿನ ಚೀಟಿಗಳ ಬಣ್ಣ ಪ್ರದಕ್ಷಿಣೆಗಳ ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ, ಮೊದಮೊದಲ ಸುತ್ತಿನವರಿಗೆ ಬಿಳಿ, 50 ದಾಟಿದವರಿಗೆ ಚಿನ್ನದ ಬಣ್ಣ, 100 ದಾಟಿದವರಿಗೆ ಜರಿಯ ನೇಯ್ಗೆ. ಸುಮಾರು 280 ಸುತ್ತು ಬಂದ ನಾಕಾತ್ಸುಕಾಸಾ ಮೊಹೆಯ್ (1845–1922) ಎಂಬಾತನ ಹೆಸರು ಇಂದಿಗೂ ಉಳಿದಿರುವುದಕ್ಕೆ ಒಂದು ಕಾರಣ ಆ ಸಂಖ್ಯೆ. ಆದರೆ ಆತ ಹಾದಿಯುದ್ದಕ್ಕೂ ನೆಡಿಸಿದ ಇನ್ನೂರಕ್ಕೂ ಹೆಚ್ಚು ದಿಕ್ಸೂಚಿ ಕಲ್ಲುಗಳು ದಾರಿ ತಪ್ಪಿದವರಿಗೆ ಮಾಡಿರುವ ಉಪಕಾರದ ಮುಂದೆ ಆ ಸಂಖ್ಯೆ ಸಣ್ಣದು.

ಈ ಹಾದಿಯ ಮೂಲಕಥೆಯೇ ಎಣಿಕೆಯನ್ನು ಅಣಕಿಸುವಂತಿದೆ. ಎಮೊನ್ ಸಾಬುರೋ ಎಂಬ ಧನಿಕ ಬಾಗಿಲಿಗೆ ಬಂದ ಭಿಕ್ಷುವನ್ನು ಅಟ್ಟಿ, ಆತನ ಭಿಕ್ಷಾಪಾತ್ರೆಯನ್ನು ಒಡೆದು, ತನ್ನ ಎಂಟು ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಂಡ ಮೇಲೆ, ಬಂದವನು ಕೋಬೋ ದೈಶಿಯೆಂದು ಅರಿತು ಕ್ಷಮೆ ಬೇಡಲು ಹುಡುಕುತ್ತ ಹೊರಟನೆಂದು ಐತಿಹ್ಯ. ಇಪ್ಪತ್ತು ಸುತ್ತು ಬಂದರೂ ಗುರು ಸಿಗಲಿಲ್ಲ. ಇಪ್ಪತ್ತೊಂದನೆಯ ಸಲ ದಿಕ್ಕು ಬದಲಿಸಿ ಎದುರಿನಿಂದ ನಡೆದು, ಶೋಸಾನ್‌ಜಿಯ ಕೆಳಗೆ ಇನ್ನು ಏಳಲಾರದಂತೆ ಕುಸಿದಾಗ ಗುರು ತಾನಾಗಿ ಎದುರಿಗೆ ಬಂದ. ನೋವಿನ ಮೊತ್ತ ಪೂರ್ಣವಾದದ್ದರಿಂದ ಕ್ಷಮೆ ಸಿಕ್ಕಿತೆಂದು ಇದನ್ನು ಓದುವವರಿದ್ದಾರೆ. ಅದಕ್ಕಿಂತ, ಹಟ ಹಿಡಿದು ಬೆನ್ನಟ್ಟುವ ಶಕ್ತಿ ದೇಹದಲ್ಲಿ ಉಡುಗಿದ ಮೇಲೆಯೇ ಆತ ಪಡೆಯುವ ಸ್ಥಿತಿಗೆ ಬಂದನೆಂದು ಓದುವುದು ಕಥೆಗೆ ಹೆಚ್ಚು ಹೊಂದುತ್ತದೆ. ಕೊಡಲು ನಿರಾಕರಿಸಿದವನು ಕೊನೆಗೆ ಬೇಡುವವನಾಗಿ ನೆಲಕ್ಕೆ ಬೀಳಬೇಕಾಯಿತು.

ದಣಿದ ದೇಹಕ್ಕೆ ಧಾರ್ಮಿಕ ಬೆಲೆ ಏನಾದರೂ ಇದ್ದರೆ ಅದು ಇಲ್ಲಿಯೇ ಇರಬೇಕು, ಮತ್ತು ಶಿಕೊಕುವಿನ ಜನ ಅದನ್ನು ‘ಒಸೆತ್ತಾಯ್’ ಎಂಬ ರೂಢಿಯಾಗಿ ಉಳಿಸಿಕೊಂಡಿದ್ದಾರೆ. ದಾರಿಯ ಪಕ್ಕದ ಮನೆಯವರು ನಡೆದು ಬಂದವರಿಗೆ ಕಿತ್ತಳೆ, ಚಹ, ಅನ್ನದ ಉಂಡೆ, ಕೆಲವೊಮ್ಮೆ ಹಣವನ್ನೂ ಕೊಡುತ್ತಾರೆ, ಅದನ್ನು ಬೇಡವೆನ್ನುವಂತಿಲ್ಲ, ಪಡೆದವರು ಪ್ರತಿಯಾಗಿ ತಮ್ಮ ಹೆಸರಿನ ಚೀಟಿಯನ್ನು ಕೊಡುತ್ತಾರೆ. ಕೊಡುವವರಿಗೆ ಇದು ಗುರುವಿಗೇ ಸಲ್ಲಿಸಿದ ಸೇವೆ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆಯುವವರಿಗೆ ದಾರಿಯ ಊರುಗಳವರು ನಡೆಸುವ ದಾಸೋಹವನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೋವು ಇಲ್ಲಿ ಯಾತ್ರಿಕನ ಖಾತೆಗೆ ಜಮೆಯಾಗುವ ಗಳಿಕೆಯಾಗಿರದೆ, ತನ್ನ ಶಕ್ತಿಯ ಮೇಲೆಯೇ ನಿಂತಿದ್ದೇನೆಂಬ ಅವನ ಎಣಿಕೆಯನ್ನು ಮುರಿದು, ಇನ್ನೊಬ್ಬರ ಕೊಡುಗೆಗೆ ಅವನನ್ನು ಪಾತ್ರನನ್ನಾಗಿಸುತ್ತದೆ. ಸಂಜೆ ವಸತಿಗೆ ಬಂದ ಯಾತ್ರಿಕ ತನ್ನ ಕಾಲು ತೊಳೆದುಕೊಳ್ಳುವ ಮೊದಲು ಊರುಗೋಲಿನ ತುದಿಯ ಮಣ್ಣನ್ನು ತೊಳೆದು ಅದನ್ನು ಕೋಣೆಯ ಗೌರವದ ಜಾಗದಲ್ಲಿ ಇಡಬೇಕೆಂಬ ನಿಯಮದಲ್ಲಿಯೂ ಇದೇ ಭಾವವಿದೆ. ಉರಿಯುವ ಪಾದದವನು ಎರಡು ನಿಮಿಷ ತನ್ನ ಪಾದವನ್ನು ಮರೆಯಲೇಬೇಕಾಗುತ್ತದೆ. ಹಾಗೆಯೇ, ಕೂಕಾಯ್ ಒಮ್ಮೆ ಸೇತುವೆಯೊಂದರ ಕೆಳಗೆ ಹಸಿವಿನಿಂದ ನಿದ್ದೆಯಿಲ್ಲದೆ ರಾತ್ರಿ ಕಳೆದನೆಂಬ ಕಥೆಯ ಕಾರಣ ಸೇತುವೆಗಳ ಮೇಲೆ ಊರುಗೋಲನ್ನು ಊರದೆ ಎತ್ತಿಕೊಂಡು ನಡೆಯುತ್ತಾರೆ, ಊರುವುದು ಅತ್ಯಗತ್ಯವೆನಿಸಿದಾಗಲೂ.

ದಣಿವನ್ನು ಈ ಹಾದಿ ಹಗುರವಾಗಿ ಕಂಡಿಲ್ಲವೆಂಬುದಕ್ಕೆ ಇತಿಹಾಸದ ಸಾಕ್ಷ್ಯವಿದೆ. ಬಿಳಿಯ ಯಾತ್ರಾವಸ್ತ್ರ ಹೆಣಕ್ಕೆ ಉಡಿಸುವ ಬಟ್ಟೆಯೂ ಹೌದು, ಊರುಗೋಲು ಸತ್ತವನ ಗೋರಿಯ ಗುರುತೂ ಹೌದು; ಆಧುನಿಕ ಕಾಲಕ್ಕೆ ಮುಂಚಿನ ಎದೋ ಅವಧಿಯ ಯಾತ್ರಿಕರು ಒಯ್ಯುತ್ತಿದ್ದ ಕೆಲವು ರಹದಾರಿಗಳಲ್ಲಿ, ಈತ ದಾರಿಯಲ್ಲಿ ಸತ್ತರೆ ಅಲ್ಲಿಯ ರೂಢಿಯಂತೆ ಮಣ್ಣು ಮಾಡಿ, ಊರಿಗೆ ತಿಳಿಸುವ ಅಗತ್ಯವಿಲ್ಲವೆಂದು ಬರೆದಿರುತ್ತಿತ್ತು. ಕುಷ್ಠರೋಗದವರು, ಮನೆಯಿಂದ ಹೊರಬಿದ್ದವರು ಮರಳುವ ಆಸೆಯಿಲ್ಲದೆ ಸುತ್ತುತ್ತಿದ್ದ ಹಾದಿಯಿದು, ಅವರ ನಡಿಗೆಯನ್ನು ಇಂದಿನ ಬೊಬ್ಬೆಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಇದೇ ಪರಂಪರೆ ನಿಲ್ಲುವುದಕ್ಕೂ ಅವಕಾಶವಿಟ್ಟಿದೆ. ಇಡೀ ಸುತ್ತನ್ನು ತುಂಡುಗಳಾಗಿ ಬೇರೆಬೇರೆ ವರ್ಷಗಳಲ್ಲಿ ಪೂರೈಸುವುದು, ಒಂದು ಸಲಕ್ಕೆ ದ್ವೀಪದ ನಾಲ್ಕು ಪ್ರಾಂತಗಳಲ್ಲಿ ಒಂದನ್ನು ಮಾತ್ರ ನಡೆಯುವುದು ಮಾನ್ಯವಾದ ಕ್ರಮಗಳು. ಪರೀಷಹವನ್ನು ಸಹಿಸುವುದು ಮಾರ್ಗದಿಂದ ಜಾರದಿರುವುದಕ್ಕಾಗಿ ಎಂದಿರುವಾಗ ನಿಲ್ಲುವುದು ಜಾರಿದಂತಾಗುವುದಿಲ್ಲವೇ ಎಂದು ತತ್ತ್ವಾರ್ಥಸೂತ್ರವನ್ನು ಹಿಡಿದು ಯಾರಾದರೂ ಕೇಳಬಹುದು. ಆ ಸೂತ್ರ ಮುನಿಗಾಗಿ ಹೇಳಿದ್ದು, ಗೃಹಸ್ಥನಿಗೆ ಅದೇ ಶಾಸ್ತ್ರ ಶಕ್ತಿಗೆ ತಕ್ಕ ಅಣುವ್ರತಗಳನ್ನು ವಿಧಿಸುತ್ತದೆ. ಮುನಿಯೂ ಮಳೆಗಾಲದಲ್ಲಿ ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾನೆ. ಶೋಸಾನ್‌ಜಿಯ ಇಳಿಜಾರಿನಲ್ಲಿ ಮಂಡಿ ಕೈಕೊಟ್ಟವನು ಬಸ್ಸು ಹಿಡಿದು ತೊಕುಶಿಮಾ ನಗರಕ್ಕೆ ಹೋಗಿ, ಊರಿಗೆ ಮರಳಿ, ಮುಂದಿನ ವರ್ಷವೋ ಹತ್ತು ವರ್ಷ ಬಿಟ್ಟೋ ನಿಲ್ಲಿಸಿದಲ್ಲಿಂದಲೇ ಹದಿಮೂರನೆಯ ದೇವಾಲಯದ ಕಡೆಗೆ ಹೊರಟರೆ ಆತನ ಯಾತ್ರೆ ಎಲ್ಲಿಯೂ ಕಡಿದಂತಾಗುವುದಿಲ್ಲ. ಹಳೆಯ ಪುಸ್ತಕದಲ್ಲಿಯೇ ಮುಂದಿನ ಪುಟಕ್ಕೆ ಮುದ್ರೆ ಹಾಕಿಕೊಡುತ್ತಾರೆ.